ಕಡಲಿಗೆ ಮುಖ ಮಾಡಿ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹೆಚ್ಚಿನವು ಪೂರ್ವಕ್ಕೆ ಮುಖ ಮಾಡಿವೆ. ಕಡಲು ಇರುವುದು ಪಶ್ಚಿಮಕ್ಕೆ. ಹಾಗಾಗಿ ಕುಮಟೆಯ ಸುತ್ತಮುತ್ತ ಹುಟ್ಟಿ ಬೆಳೆದ ನಮಗೆ ಸಮುದ್ರವೆಂದರೆ ಹಿತ್ತಿಲಾಚೆಯ ಸಂಗತಿ. ತೆಂಗಿನ ತೋಟ ದಾಟಿ, ಗಾಳಿಮರಗಳ ಸಾಲು ದಾಟಿ ಹೋದರೆ ಅದು ಅಲ್ಲಿದೆ, ಹೋಗದಿದ್ದರೂ ಇದೆ. ರಾತ್ರಿ ದೀಪ ಆರಿಸಿ ಮಲಗಿದರೆ ಅದರ ಮೊರೆತ ಮನೆಯೊಳಗೆ ಬರುತ್ತದೆ. ಮೊರೆತದ ದಿಕ್ಕು ಬದಲಾದರೆ ಮಳೆ ಹತ್ತಿರ ಬಂತೆಂದು ಹಿರಿಯರು ಹೇಳುತ್ತಿದ್ದರು. ದನ ಕಟ್ಟುವುದು, ಸೌದೆ ಒಳಗಿಡುವುದು ಎಲ್ಲವೂ ಆ ಮಾತನ್ನು ನಂಬಿಯೇ ನಡೆಯುತ್ತಿದ್ದವು.

ಆ ಕಡಲು ಅನೇಕರಿಗೆ ದುಡಿಯುವ ಜಾಗ. ಮೀನುಗಾರರ ಕೇರಿಗಳಲ್ಲಿ ಜೂನ್ ಮತ್ತು ಜುಲೈ ತಿಂಗಳು ಯಾಂತ್ರಿಕ ದೋಣಿಗಳಿಗೆ ರಜೆ. ನೂಲು ಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟು ಸಮುದ್ರಪೂಜೆ ಮಾಡಿ ಮತ್ತೆ ಬಲೆ ಬೀಸುವ ಹೊತ್ತಿಗೆ ಊರಿಗೇ ಜೀವ ಬರುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಚಿಪ್ಪು ಆರಿಸುತ್ತಾರೆ. ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ನಮ್ಮ ಮನೆಯವರಿಗೆ ಕಡಲಿನೊಡನೆ ಇದ್ದದ್ದು ಪುಣ್ಯದ ಸಂಬಂಧ. ಶಿವರಾತ್ರಿಗೆ ಗೋಕರ್ಣದಲ್ಲಿ ಒಂದು ಮುಳುಗು, ಅಮಾವಾಸ್ಯೆಯಂದು ಇನ್ನೊಂದು. ಅಪ್ಪಯ್ಯ ತೀರಿಕೊಂಡಾಗ ಅಸ್ಥಿ ಬಿಟ್ಟದ್ದೂ ಗೋಕರ್ಣದಲ್ಲೇ. ‘ಬಾ, ಸಮುದ್ರದಲ್ಲಿ ಆಡೋಣ’ ಎಂದು ದೊಡ್ಡವರು ಯಾರೂ ಯಾರನ್ನೂ ಕರೆದದ್ದನ್ನು ನಾನು ಕೇಳಿಲ್ಲ. ಎಪ್ಪತ್ತು ದಾಟಿದ ನನ್ನ ಆಯಿ ಹುಟ್ಟಿದ್ದು ಕಡಲ ತಡಿಯ ಊರಿನಲ್ಲಿ, ಮದುವೆಯಾಗಿ ಬಂದದ್ದೂ ಕಡಲ ತಡಿಯ ಊರಿಗೆ. ಆದರೂ ಮುಳುಗು ಹಾಕುವ ಆ ಒಂದು ಗಳಿಗೆ ಬಿಟ್ಟರೆ ಮೊಣಕಾಲು ಮೀರಿ ಅವಳು ನೀರಿಗಿಳಿದವಳಲ್ಲ. ಆಗಲೂ ಅಪ್ಪಯ್ಯನ ಕೈ ಬಿಡುತ್ತಿರಲಿಲ್ಲ.

ಜರ್ಮನಿಯಲ್ಲಿರುವ ತಮ್ಮ ಒಂದು ಬೇಸಿಗೆಯಲ್ಲಿ ಆಯಿಯನ್ನೂ ನನ್ನನ್ನೂ ಕರೆಸಿಕೊಂಡ. ಮಕ್ಕಳ ಶಾಲೆ ಸೆಪ್ಟೆಂಬರ್ ಎರಡನೇ ವಾರಕ್ಕೆ ತೆರೆಯುವುದಿತ್ತು. ಅದಕ್ಕೆ ಮೊದಲು ಎಲ್ಲರೂ ಸೇರಿ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ ಸಮುದ್ರದ ಬದಿಯಲ್ಲಿ ಒಂದು ಮನೆ ಹಿಡಿದು ಇರೋಣ ಎಂದ. ಅಲ್ಲಿ ಯಾವ ದೇವಸ್ಥಾನ, ಯಾರ ಮನೆ, ಏನು ಕೆಲಸ ಎಂದು ಆಯಿ ಕೇಳಿದಳು. ‘ಕೆಲಸ ಎಂತದೂ ಇಲ್ಲೆ ಆಯಿ, ಸುಮ್ನೆ ಇಪ್ಪುದು’ ಎಂದ. ಸುಮ್ಮನೆ ಇರುವುದಕ್ಕೆ ವಿಮಾನ ಹತ್ತುವುದು ಅವಳಿಗೆ ಹೊಸ ವಿಚಾರ. ಚೌತಿಗೆ ಮೊದಲು ಊರಿಗೆ ಮುಟ್ಟಿಸಬೇಕೆಂದು ಮಾತು ತೆಗೆದುಕೊಂಡು ಒಪ್ಪಿದಳು. ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ತೊಡದೇವು ತುಂಬಿಕೊಂಡಳು.

ಕ್ರೀಟ್ ಗ್ರೀಸಿನ ದ್ವೀಪಗಳಲ್ಲೆಲ್ಲ ದೊಡ್ಡದು. ಪೂರ್ವ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದ. ಅಗಲ ಕೆಲವೆಡೆ 60 ಕಿಲೋಮೀಟರ್, ಕೆಲವೆಡೆ ಬರೀ 12. ನಡುವೆ ಬೆಟ್ಟಗಳ ಬೆನ್ನೆಲುಬು. ನಾವು ಇಳಿದುಕೊಂಡ ರೆಥಿಮ್ನೋ ಉತ್ತರ ಕರಾವಳಿಯ ಹಳೆಯ ಪಟ್ಟಣ. ವೆನಿಸಿನವರು 16ನೇ ಶತಮಾನದಲ್ಲಿ ಕಟ್ಟಿದ ಕೋಟೆ, ಅದರ ಬುಡದಲ್ಲಿ ಕಿರಿದಾದ ಓಣಿಗಳು, ಆಮೇಲೆ ಬಂದ ತುರ್ಕರ ಮಿನಾರು ಎಲ್ಲ ಅಲ್ಲಿ ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಪಟ್ಟಣದ ಅಂಚಿನಿಂದಲೇ ಹೊಯ್ಗೆಯ ದಂಡೆ ಶುರುವಾಗಿ ಪೂರ್ವಕ್ಕೆ ಮೈಲುಗಟ್ಟಲೆ ಸಾಗುತ್ತದೆ. ಬೆನ್ನ ಹಿಂದೆ 2,456 ಮೀಟರ್ ಎತ್ತರದ ಪ್ಸಿಲೋರಿಟಿಸ್ ಪರ್ವತ. ಇಲ್ಲಿ ಮನೆಗಳ ಬಾಲ್ಕನಿಗಳೆಲ್ಲ ಕಡಲಿಗೆ ಮುಖ ಮಾಡಿದ್ದವು. ಮೊದಲ ಸಂಜೆ ಆಯಿ ಬಾಲ್ಕನಿಯಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಒಳಗೆ ಬಂದು ಹೇಳಿದ್ದು ಒಂದೇ ಮಾತು: ‘ಇದಕ್ಕೆ ಶಬ್ದನೇ ಇಲ್ಯಲೆ ಕೂಸೆ.’

ಹೌದು. ಗಾಳಿ ಇಲ್ಲದ ದಿನ ಮೆಡಿಟರೇನಿಯನ್ ದಂಡೆಯಲ್ಲಿ ಸದ್ದೇ ಇರುವುದಿಲ್ಲ. ಹತ್ತಾರು ಹೆಜ್ಜೆ ನಡೆದರೂ ನೀರು ಎದೆಗೆ ಬರುವುದಿಲ್ಲ. ಕಾಲಬೆರಳ ಉಗುರು ಸ್ಪಷ್ಟವಾಗಿ ಕಾಣುತ್ತದೆ. ಅರಬ್ಬೀ ಸಮುದ್ರದ ಎದುರು ಬೆಳೆದವರಿಗೆ ಈ ಮೌನ ಮೊದಲು ನಂಬಿಕೆ ಹುಟ್ಟಿಸುವುದಿಲ್ಲ. ಆಯಿ ಎರಡು ಬೆಳಿಗ್ಗೆ ದಂಡೆಯಲ್ಲೇ ಕೂತಳು. ಮಕ್ಕಳು ನೀರಿನಲ್ಲಿ ಕೂಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಅವಳನ್ನು ನೀರಿಗೆ ಕರೆದದ್ದು ನಾವಲ್ಲ, ಅಲ್ಲಿಯ ಅಜ್ಜಿಯರು. ಗ್ರೀಸಿನ ಯಾವ ಕಡಲೂರಿನಲ್ಲೂ ಈ ನೋಟ ಸಾಮಾನ್ಯ. ಬೆಳಿಗ್ಗೆ ಬಿಸಿಲು ಏರುವ ಮೊದಲು ವಯಸ್ಸಾದ ಹೆಂಗಸರು ಅಗಲ ಅಂಚಿನ ಟೋಪಿ ಹಾಕಿಕೊಂಡು ನಾಲ್ಕೈದು ಜನರ ಗುಂಪಾಗಿ ಬರುತ್ತಾರೆ. ಚಪ್ಪಲಿ ದಂಡೆಯಲ್ಲಿ ಬಿಟ್ಟು, ನಿಧಾನವಾಗಿ ನಡೆಯುತ್ತ ಕುತ್ತಿಗೆಯವರೆಗೆ ಇಳಿಯುತ್ತಾರೆ. ಈಜುವ ಆತುರ ಇಲ್ಲ. ವೃತ್ತವಾಗಿ ನಿಂತು ಒಂದು ತಾಸು ಮಾತಾಡುತ್ತಾರೆ. ನೀರ ಮೇಲೆ ಟೋಪಿಗಳಷ್ಟೇ ಕಾಣುತ್ತವೆ. ನಗು ದಂಡೆಯವರೆಗೂ ಕೇಳುತ್ತದೆ. ನಮ್ಮೂರ ಬಾವಿಕಟ್ಟೆ ನೀರಿನ ಹೊರಗಿತ್ತು, ಇವರದು ನೀರಿನ ಒಳಗೇ ಇದೆ, ಅಷ್ಟೇ ವ್ಯತ್ಯಾಸ. ಯಾರ ಸೊಸೆ, ಯಾರ ಮಂಡಿನೋವು, ಟೊಮೆಟೊಗೆ ಏನು ದರ ಎಂಬುದೇ ಅಲ್ಲಿಯೂ ಮಾತಿನ ವಸ್ತು ಇದ್ದೀತೆಂದು ಆಯಿಗೆ ಭಾಷೆ ಬಾರದೆಯೂ ತಿಳಿಯಿತು.

ಅವರಲ್ಲೊಬ್ಬಾಕೆ ಒಂದು ದಿನ ಆಯಿಯ ಕಡೆ ಕೈಬೀಸಿ ಬಾ ಎಂದರು. ಆಯಿ ನನ್ನ ಮುಖ ನೋಡಿದಳು. ತಮ್ಮನ ಹೆಂಡತಿ ಹೊರಡುವ ಮೊದಲೇ ಉದ್ದ ತೋಳಿನ, ಪಾದದವರೆಗೆ ಬರುವ ಈಜುಡುಪು ಕೊಂಡು ತಂದಿದ್ದಳು. ಅಲ್ಲಿಯವರೆಗೆ ಆಯಿ ಅದನ್ನು ಚೀಲದಿಂದ ತೆಗೆದಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಹಾಕಿಕೊಂಡು, ಮೇಲೆ ಒಂದು ಪಂಜಿ ಹೊದ್ದು ಬಂದಳು. ನೀರಿಗೆ ಕಾಲಿಡುವ ಮೊದಲು ಬಗ್ಗಿ, ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಂಗೆಯಾದರೂ ಮೆಡಿಟರೇನಿಯನ್ ಆದರೂ ಆ ನಮಸ್ಕಾರಕ್ಕೆ ಭೇದವಿಲ್ಲ. ಗ್ರೀಕ್ ಅಜ್ಜಿಯರು ಅದನ್ನು ಗಮನಿಸಿ ಸುಮ್ಮನೆ ಕಾದು ನಿಂತರು. ದಂಡೆಯ ಮೇಲೆ ನೂರಾರು ಜನರಿದ್ದರು. ಅವಳ ಬಟ್ಟೆಯನ್ನಾಗಲೀ, ವಯಸ್ಸನ್ನಾಗಲೀ, ಮೈಯನ್ನಾಗಲೀ ಯಾರೂ ತಿರುಗಿ ನೋಡಲಿಲ್ಲ. ಹೆಣ್ಣುಮಕ್ಕಳಿಗೆ ಕಡಲು ದಕ್ಕಬೇಕಾದರೆ ಮೊದಲು ಬೇಕಾದದ್ದು ಇದೇ ಎಂದು ಆ ಬೆಳಿಗ್ಗೆ ನನಗೆ ಖಚಿತವಾಯಿತು.

ತೇಲುವುದನ್ನು ಕಲಿಸಿದ್ದು ತಮ್ಮನ ಮಗಳು. ಜರ್ಮನಿಯ ಮಕ್ಕಳು ಪ್ರಾಥಮಿಕ ಶಾಲೆಯ ಸುಮಾರಿಗೆ ಈಜಿನ ಮೊದಲ ಪರೀಕ್ಷೆ ಮಾಡುತ್ತಾರೆ. 25 ಮೀಟರ್ ಈಜಬೇಕು, ಭುಜದಾಳದ ನೀರಿನ ತಳದಿಂದ ಒಂದು ವಸ್ತುವನ್ನು ಎತ್ತಿ ತರಬೇಕು. ಪಾಸಾದವರಿಗೆ ಕಡಲ್ಗುದುರೆಯ ಚಿತ್ರವಿರುವ ಒಂದು ಬಟ್ಟೆಯ ಬಿಲ್ಲೆ ಸಿಗುತ್ತದೆ. ಅದನ್ನು ಈಜುಡುಪಿಗೆ ಹೊಲಿಸಿಕೊಳ್ಳುತ್ತಾರೆ. ಆ ಬಿಲ್ಲೆಯ ಅಧಿಕಾರದಲ್ಲಿ ಅವಳು ಅಜ್ಜಿಗೆ ಪಾಠ ಮಾಡಿದಳು. ‘ಅಜ್ಜಿ, ಹೊಟ್ಟೆ ಮೇಲೆ ಮಾಡು. ಕಿವಿ ನೀರಿನ ಒಳಗೆ ಇರಲಿ. ಆಕಾಶ ನೋಡು. ಉಸಿರು ತುಂಬಿಕೋ.’ ಕುತ್ತಿಗೆಯ ಕೆಳಗೆ ನನ್ನ ಅಂಗೈ ಇತ್ತು. ಅವಳ ಮೈ ಮೊದಮೊದಲು ಬಿಗಿದುಕೊಂಡಿತ್ತು. ಆಮೇಲೆ ಭುಜ ಸಡಿಲವಾಯಿತು, ಕೈಗಳು ಅಗಲಕ್ಕೆ ಚಾಚಿದವು. ನಾನು ಅಂಗೈ ತೆಗೆದೆ. ಅವಳಿಗದು ಗೊತ್ತಾದಾಗ ಕೂಗಿಕೊಂಡಳು: ‘ಆನು ಮುಳಗ್ತ್ನಿಲ್ಲೆ ಕೂಸೆ!’ ಟೋಪಿಗಳೆಲ್ಲ ನಮ್ಮ ಕಡೆ ತಿರುಗಿ ಚಪ್ಪಾಳೆ ತಟ್ಟಿದವು.

ಅವಳನ್ನು ಎತ್ತಿ ಹಿಡಿದದ್ದರಲ್ಲಿ ಉಪ್ಪಿನ ಪಾಲೂ ಇದೆ. ಮೆಡಿಟರೇನಿಯನ್ ಸುತ್ತ ನೆಲ ಕಟ್ಟಿಕೊಂಡ ಸಮುದ್ರ. ಮಹಾಸಾಗರಕ್ಕೆ ಅದರ ಸಹಜ ಬಾಗಿಲೆಂದರೆ ಜಿಬ್ರಾಲ್ಟರ್ ಒಂದೇ. ಅದೂ ಇಕ್ಕಟ್ಟಾದೆಡೆ ಸುಮಾರು 14 ಕಿಲೋಮೀಟರ್ ಅಗಲ. ಮಳೆಯಿಂದಲೂ ನದಿಗಳಿಂದಲೂ ಬರುವ ನೀರಿಗಿಂತ ಬಿಸಿಲಿಗೆ ಆವಿಯಾಗಿ ಹೋಗುವ ನೀರೇ ಹೆಚ್ಚು. ಕೊರತೆಯನ್ನು ತುಂಬಲು ಅಟ್ಲಾಂಟಿಕ್ ನೀರು ಆ ಬಾಗಿಲಿನಿಂದ ಒಳಗೆ ಹರಿಯುತ್ತಲೇ ಇರುತ್ತದೆ. ಪೂರ್ವಕ್ಕೆ ಸಾಗಿದಷ್ಟೂ ಬತ್ತಿ ಬತ್ತಿ ಉಪ್ಪಾಗುತ್ತದೆ. ಜಗತ್ತಿನ ಸಾಗರಗಳಲ್ಲಿ ಸರಾಸರಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಕ್ರೀಟಿನ ಸುತ್ತ ಸುಮಾರು 39 ಗ್ರಾಂ. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಲ್ಲವೂ ಮಳೆಗಾಲದಲ್ಲಿ ಸಿಹಿನೀರು ಸುರಿಯುವ ನಮ್ಮ ಕಡಲಿಗಿಂತ ಅಲ್ಲಿಯ ನೀರು ಮೈಯನ್ನು ಹೆಚ್ಚು ಸುಲಭವಾಗಿ ಹೊರುತ್ತದೆ.

ಆ ಇಕ್ಕಟ್ಟು ಬಾಗಿಲಿನಿಂದಾಗಿಯೇ ಅಲ್ಲಿ ಉಬ್ಬರ ಇಳಿತವೂ ಹೆಸರಿಗಷ್ಟೇ. ಹೆಚ್ಚಿನ ಕಡೆ ನೀರು ಒಂದೂವರೆ ಗೇಣಿಗಿಂತ ಹೆಚ್ಚು ಏರಿ ಇಳಿಯುವುದಿಲ್ಲ. ಬೆಳಿಗ್ಗೆ ಹಾಸಿದ ಟವೆಲ್ ಸಂಜೆಯವರೆಗೂ ಒಣಗಿಯೇ ಇರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಒಂದೂವರೆ ಎರಡು ಮೀಟರ್ ಏರಿಳಿಯುವ ನಮ್ಮ ಕಡಲಿನ ಜೊತೆ ಬದುಕುವವರು ಗಡಿಯಾರಕ್ಕಿಂತ ಮೊದಲು ಚಂದ್ರನನ್ನು ನೋಡುತ್ತಾರೆ. ಆಯಿ ಅಲ್ಲಿಯೂ ತಿಥಿ ಎಣಿಸಿದಳು. ಹುಣ್ಣಿಮೆಯ ರಾತ್ರಿ ದಂಡೆಗೆ ಹೋಗಿ ನೋಡಿಬಂದಳು. ನೀರು ಇದ್ದಲ್ಲೇ ಇತ್ತು.

ಇಷ್ಟು ತಿಳಿಯಾದ ನೀರು ಏಕೆ ನಮ್ಮಲ್ಲಿಲ್ಲ ಎಂದು ತಮ್ಮನ ಮಗ ಕೇಳಿದ. ಅವನಿಗೆ ನಮ್ಮೂರ ಕಡಲು ಕೊಳಕು ಎಂಬ ಭಾವನೆ ಬೇರೂರುವ ಮೊದಲು ಉತ್ತರ ಹೇಳಬೇಕಿತ್ತು. ಪೂರ್ವ ಮೆಡಿಟರೇನಿಯನ್ ಜಗತ್ತಿನ ಅತಿ ಬಡ ನೀರುಗಳಲ್ಲಿ ಒಂದು. ಸಸ್ಯಕಣಗಳು ಬೆಳೆಯಲು ಬೇಕಾದ ರಂಜಕದಂಥ ಪೋಷಕಾಂಶ ಅಲ್ಲಿ ಬಹಳ ಕಡಿಮೆ. ಸಸ್ಯಕಣಗಳಿಲ್ಲದ ನೀರಿನಲ್ಲಿ ಬೆಳಕು ಆಳಕ್ಕಿಳಿಯುತ್ತದೆ, ನೀಲಿ ಹೊಮ್ಮುತ್ತದೆ. ಕಣ್ಣಿಗೆ ಹಬ್ಬ, ಮೀನಿಗೆ ಉಪವಾಸ. ನಮ್ಮ ಕಡಲು ಹಸಿರುಗಪ್ಪಾಗಿ ಕಾಣುವುದು ಅದರಲ್ಲಿ ಜೀವ ತುಂಬಿರುವುದರಿಂದ. ಮುಂಗಾರಿನ ಗಾಳಿಗೆ ತಳದ ತಂಪು ನೀರು ಮೇಲೆದ್ದು ಬರುತ್ತದೆ, ಘಟ್ಟದ ನದಿಗಳು ಮಣ್ಣಿನ ಸಾರ ತಂದು ಸುರಿಯುತ್ತವೆ, ಅದನ್ನು ಉಂಡು ಸಸ್ಯಕಣಗಳು ಹೆಚ್ಚುತ್ತವೆ, ಅವನ್ನು ಉಂಡು ತಾರ್ಲೆ, ಬಂಗುಡೆಗಳ ಹಿಂಡು ಬೆಳೆಯುತ್ತದೆ. ಒಂದು ಕಡಲು ಊರುಗಳಿಗೆ ಉಣಿಸುತ್ತದೆ, ಇನ್ನೊಂದು ಬಂದವರನ್ನು ಆಡಿಸುತ್ತದೆ. ಒಂದಕ್ಕಿಂತ ಇನ್ನೊಂದು ಮೇಲಲ್ಲ. ಹುಡುಗ ಯೋಚಿಸಿ, ಹಾಗಾದರೆ ನಮ್ಮ ಮೀನುಗಳನ್ನು ಇಲ್ಲಿಗೆ ತಂದು ಬಿಡಬಹುದಲ್ಲ ಎಂದ. ಅವು ತಾವೇ ಬಂದಿವೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರ, ಹಿಂದೂ ಮಹಾಸಾಗರದ ನೂರಾರು ಜೀವಿಗಳು ಆ ದಾರಿಯಲ್ಲಿ ದಾಟಿವೆ. ಈಚೆಗೆ ನೀರು ಬಿಸಿಯಾಗುತ್ತಿರುವುದರಿಂದ ಅವು ಅಲ್ಲಿ ನೆಲೆಯೂರುತ್ತಿವೆ. ವಿಷಮುಳ್ಳುಗಳ ಸಿಂಹಮೀನು ಕ್ರೀಟಿನ ಬಂಡೆಗಳ ನಡುವೆ ಈಗ ಪರಿಚಿತ. ಅಲ್ಲಿಯ ಮೂಲನಿವಾಸಿ ಮೀನುಗಳಿಗೆ ಅದು ಕಂಟಕವಾಗಿದೆ.

ನೀರಿನಿಂದ ಮೇಲೆ ಬಂದ ಮೇಲಿನ ದೀರ್ಘ ಮಧ್ಯಾಹ್ನಗಳೇ ಈ ರಜೆಯ ನಿಜವಾದ ಸಂಪತ್ತು. ಛತ್ರಿಯ ನೆರಳಿನಲ್ಲಿ ಐದಾರು ಮಂದಿ ಒಂದೇ ಮನೆಯವರು ಯಾವ ಸಮಾರಂಭವೂ ಇಲ್ಲದೆ ಕೂತಿರುವುದು ನಮ್ಮ ಬದುಕಿನಲ್ಲಿ ಎಷ್ಟು ಅಪರೂಪ! ನಾವು ಸೇರುವುದು ಮದುವೆಗೆ, ಉಪನಯನಕ್ಕೆ, ತಿಥಿಗೆ. ಅಲ್ಲೆಲ್ಲ ಪ್ರತಿಯೊಬ್ಬರಿಗೂ ಒಂದು ಪಾತ್ರ ಇರುತ್ತದೆ. ಬಡಿಸುವವರು, ಕೂರುವವರು, ಪುರೋಹಿತರನ್ನು ಕರೆತರುವವರು. ಹೊಯ್ಗೆಯ ಮೇಲೆ ಪಾತ್ರಗಳು ಇಲ್ಲ. ಯಾವಾಗಲೂ ಫೋನಿನಲ್ಲಿರುವ ತಮ್ಮ ಮಕ್ಕಳ ಜೊತೆ ಗುಂಡಿ ತೋಡಿದ. ಸೊಸೆ ಮತ್ತು ಅತ್ತೆ ಅಕ್ಕಪಕ್ಕ ಮಲಗಿ ತಮ್ಮ ತಮ್ಮ ಬಾಣಂತನದ ಕಷ್ಟ ಹೇಳಿಕೊಂಡರು. ಅಡುಗೆಮನೆಯಲ್ಲಿ ಒಟ್ಟಿಗೆ ನಿಂತ ವರ್ಷಗಳಲ್ಲಿ ಬಾರದ ಮಾತು ಅದು. ತನ್ನ ಹದಿನೇಳನೇ ವಯಸ್ಸಿನಲ್ಲಿ ಶಾಲೆ ಬಿಡಿಸಿ ಮದುವೆ ಮಾಡಿದ್ದನ್ನು ಆಯಿ ಅಲ್ಲಿ ಮೊದಲ ಸಲ ನಮ್ಮ ಮುಂದೆ ಹೇಳಿದಳು. ಗಣಿತ ಅವಳಿಗೆ ಇಷ್ಟವಿತ್ತಂತೆ. ಮೊಮ್ಮಗ ಹೊಯ್ಗೆಯ ಮೇಲೆ ಲೆಕ್ಕ ಬರೆದ. ಇಬ್ಬರೂ ಬಿಡಿಸುತ್ತ ಕೂತರು.

ಊಟದ ಚಿಂತೆ ಸಸ್ಯಾಹಾರಿಗಳಾದ ನಮಗೆ ಇರಲೇ ಇಲ್ಲ. ಕ್ರೀಟಿನ ತಾವೆರ್ನಾಗಳಲ್ಲಿ, ಅಂದರೆ ಮನೆಯವರೇ ನಡೆಸುವ ಊಟದ ಅಂಗಡಿಗಳಲ್ಲಿ, ಸೊಪ್ಪು, ಬೀನ್ಸು, ಬದನೆ, ಟೊಮೆಟೊ, ಆಲಿವ್ ಎಣ್ಣೆಗಳದ್ದೇ ರಾಜ್ಯ. ದಾಕೋಸ್ ಎಂಬುದು ನಮ್ಮೆಲ್ಲರ ನೆಚ್ಚಿನ ತಿನಿಸಾಯಿತು. ಎರಡು ಸಲ ಬೇಯಿಸಿ ಒಣಗಿಸಿದ ಬಾರ್ಲಿ ರೊಟ್ಟಿಯನ್ನು ತುಸು ನೆನೆಸಿ, ಮೇಲೆ ತುರಿದ ಟೊಮೆಟೊ, ಮಿಝಿಥ್ರಾ ಎಂಬ ಬಿಳಿ ಗಿಣ್ಣು, ಧಾರಾಳ ಆಲಿವ್ ಎಣ್ಣೆ, ಚೂರು ಒರೆಗಾನೊ. ತಿಂಗಳುಗಟ್ಟಲೆ ಕೆಡದ ಆ ಒಣರೊಟ್ಟಿ ಕುರುಬರು, ನಾವಿಕರು ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿ. ಬೆಟ್ಟದ ಕಾಡುಸೊಪ್ಪುಗಳನ್ನು ಬೇಯಿಸಿ ನಿಂಬೆರಸ ಹಿಂಡಿ ಕೊಡುವ ಹೋರ್ತಾವನ್ನು ಆಯಿ ದಿನವೂ ಕೇಳಿ ತಿಂದಳು. ಒಂದೆಲಗ, ಎಲವರಿಗೆಗಳನ್ನು ಬೇಲಿಯಿಂದ ಕಿತ್ತು ತಂಬುಳಿ ಮಾಡುವ ಕೈಗೆ ಆ ರುಚಿ ಅಪರಿಚಿತವಾಗಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಹೃದ್ರೋಗದ ಸಾವು ಅತಿ ಕಡಿಮೆ ಕಂಡದ್ದು ಈ ದ್ವೀಪದ ಹಳ್ಳಿಗರಲ್ಲೇ. ಅವರು ಉಣ್ಣುತ್ತಿದ್ದದ್ದು ಇದನ್ನೇ. ಜೊತೆಗೆ ದಿನವಿಡೀ ಗುಡ್ಡದ ಹೊಲಗಳಲ್ಲಿ ಮೈಮುರಿದು ದುಡಿಯುತ್ತಿದ್ದರು.

ಊಟ ಮುಗಿದ ಮೇಲೆ ಕೇಳದೆಯೇ ಒಂದು ತಟ್ಟೆ ಹಣ್ಣು ಬರುತ್ತದೆ. ದೊಡ್ಡವರಿಗೆ ಸಣ್ಣ ಶೀಸೆಯಲ್ಲಿ ದ್ರಾಕ್ಷಿಯ ರಾಕಿ. ಅದಕ್ಕೆ ದುಡ್ಡಿಲ್ಲ. ಬಂದವರನ್ನು ಬಾಯಿ ಸಿಹಿ ಮಾಡದೆ ಕಳಿಸಬಾರದು ಎಂಬ ಆ ಶಿಷ್ಟಾಚಾರ ಆಯಿಗೆ ತುಂಬ ಹಿಡಿಸಿತು. ಮರುದಿನ ಬೆಳಿಗ್ಗೆ ತೊಡದೇವಿನ ಡಬ್ಬಿ ಹಿಡಿದು ದಂಡೆಗೆ ಬಂದಳು. ಮಡಕೆಯ ಬೆನ್ನಿನ ಮೇಲೆ ಕಬ್ಬಿನಹಾಲು, ಅಕ್ಕಿಹಿಟ್ಟು ಸವರಿ ತೆಗೆದ ಆ ತೆಳು ಹಾಳೆಗಳು ವಿಮಾನದಲ್ಲಿ ಅರ್ಧ ಪುಡಿಯಾಗಿದ್ದವು. ಗ್ರೀಕ್ ಅಜ್ಜಿಯರು ಪುಡಿಯನ್ನೂ ಬಿಡದೆ ತಿಂದು, ಮಾರನೆಯ ದಿನ ಬುಟ್ಟಿ ತುಂಬ ಅಂಜೂರ ತಂದರು. ಮಾಡುವ ಬಗೆಯನ್ನು ಕೈಸನ್ನೆಯಲ್ಲೇ ಕೇಳಿದರು. ಆಯಿ ಕೈಸನ್ನೆಯಲ್ಲೇ ಹೇಳಿದಳು.

ರೆಥಿಮ್ನೋದ ದಂಡೆಗೆ ಮನುಷ್ಯರಲ್ಲದ ವಾರಸುದಾರರೂ ಇದ್ದಾರೆ. ಲಾಗರ್‌ಹೆಡ್ ಎಂಬ ಕಡಲಾಮೆ ಬೇಸಿಗೆಯ ರಾತ್ರಿಗಳಲ್ಲಿ ಇಲ್ಲಿ ಮೇಲೆ ಬಂದು ಗುಂಡಿ ತೋಡಿ ಒಂದು ಸಲಕ್ಕೆ ನೂರರ ಸುಮಾರು ಮೊಟ್ಟೆ ಇಡುತ್ತದೆ. ಹೊಯ್ಗೆಯ ಬಿಸಿಯಲ್ಲೇ ಸುಮಾರು ಎರಡು ತಿಂಗಳಲ್ಲಿ ಮರಿ ಹೊರಬರುತ್ತವೆ. ಬಿಸಿ ಹೆಚ್ಚಿದ್ದರೆ ಹೆಣ್ಣು, ಕಡಿಮೆಯಿದ್ದರೆ ಗಂಡು. ಮರಿಗಳು ಬೆಳಕಿನ ಕಡೆ ಓಡುತ್ತವೆ. ಮೊದಲಾದರೆ ರಾತ್ರಿ ದಂಡೆಯಲ್ಲಿ ಬೆಳಕಿದ್ದದ್ದು ನೀರಿನ ಕಡೆ ಮಾತ್ರ. ಈಗ ಹೋಟೆಲುಗಳ ದೀಪ ಅವನ್ನು ದಾರಿ ತಪ್ಪಿಸುತ್ತದೆ. 1983ರಲ್ಲಿ ಹುಟ್ಟಿದ ಆರ್ಕೆಲೋನ್ ಎಂಬ ಸಂಸ್ಥೆಯ ಸ್ವಯಂಸೇವಕರು ಬೆಳ್ಳಂಬೆಳಿಗ್ಗೆ ದಂಡೆ ನಡೆದು ಗೂಡು ಹುಡುಕಿ ಸುತ್ತ ಬೇಲಿ ಹಾಕುತ್ತಾರೆ, ದೀಪಕ್ಕೆ ಮರೆ ಕಟ್ಟುತ್ತಾರೆ. ಮರಿಗಳು ಹೋದ ಮೇಲೆ ಗೂಡನ್ನು ತೋಡಿ ಲೆಕ್ಕ ಇಡುತ್ತಾರೆ. ಅಂಥದೊಂದು ಸಂಜೆ ನಾವಿದ್ದೆವು. ತಡವಾಗಿ ಉಳಿದಿದ್ದ ಒಂದು ಮರಿ ಹೊಯ್ಗೆಯಿಂದ ತಲೆ ಎತ್ತಿತು. ಅದನ್ನು ಯಾರೂ ಎತ್ತಿ ನೀರಿಗೆ ಬಿಡುವಂತಿಲ್ಲ. ಅದು ತಾನೇ ನಡೆಯಬೇಕು. ಎರಡು ಸಾಲಾಗಿ ನಿಂತ ನಾನಾ ದೇಶದ ಜನ ಉಸಿರು ಬಿಗಿಹಿಡಿದಿದ್ದರು. ‘ಹೋಗು ಮಗಾ, ಹೋಗು’ ಎಂದು ಕನ್ನಡ ಮಾತಾಡಿದವಳು ಆಯಿ. ದೊಡ್ಡದಾಗುವ ತನಕ ಬದುಕುವುದು ಸಾವಿರಕ್ಕೊಂದು ಎಂಬ ಅಂದಾಜಿದೆ. ಬದುಕಿದ ಹೆಣ್ಣು ವರ್ಷಗಳ ಮೇಲೆ ಹುಟ್ಟಿದ ಸೀಮೆಗೇ ಮೊಟ್ಟೆ ಇಡಲು ಬರುತ್ತದೆ. ಹೊನ್ನಾವರ, ಕಾರವಾರಗಳ ಹೊಯ್ಗೆಯಲ್ಲೂ ಆಲಿವ್ ರಿಡ್ಲೆ ಎಂಬ ಇನ್ನೊಂದು ಜಾತಿಯ ಆಮೆ ಹೀಗೆಯೇ ಬರುತ್ತದೆ, ಅಲ್ಲಿಯೂ ಮೀನುಗಾರರು ಮತ್ತು ಅರಣ್ಯ ಇಲಾಖೆಯವರು ಗೂಡು ಕಾಯುತ್ತಾರೆ ಎಂದು ಮಕ್ಕಳಿಗೆ ಹೇಳಿದೆ.

ಮೆಡಿಟರೇನಿಯನ್ ಸದಾ ಸೌಮ್ಯ ಎಂದುಕೊಳ್ಳಬಾರದು. ಬೇಸಿಗೆಯಲ್ಲಿ ಉತ್ತರದಿಂದ ಮೆಲ್ತೆಮಿ ಎಂಬ ಒಣಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲದಾಗ ಕಡಲು ಕೆರಳುತ್ತದೆ, ತೀರದಲ್ಲಿ ಸೆಳೆತ ಹುಟ್ಟುತ್ತದೆ. ಅಂಥ ದಿನ ಜೀವರಕ್ಷಕರ ಕಟ್ಟೆಯ ಮೇಲೆ ಕೆಂಪು ಬಾವುಟ ಏರಿತು, ಸೀಟಿ ಮೊಳಗಿತು, ಅರೆಗಳಿಗೆಯಲ್ಲಿ ನೀರು ಖಾಲಿಯಾಯಿತು. ವಾದ ಮಾಡಿದವರು ಯಾರೂ ಇಲ್ಲ. ನಾವು ದ್ವೀಪದ ಬೆನ್ನು ದಾಟಿ ದಕ್ಷಿಣದ ಪ್ರೆವೇಲಿಗೆ ಹೋದೆವು. ಅಲ್ಲಿ ಕಮರಿಯಿಂದ ಇಳಿದ ತಣ್ಣನೆಯ ಹೊಳೆ ಸಮುದ್ರ ಸೇರುತ್ತದೆ; ಹೊಳೆಯ ಎರಡೂ ದಡದಲ್ಲಿ ಕ್ರೀಟಿನ ಸ್ವಂತ ಖರ್ಜೂರದ ಕಾಡು. 2010ರ ಬೆಂಕಿಯಲ್ಲಿ ಸುಟ್ಟು ಕರಕಲಾದ ಆ ಮರಗಳು ಮತ್ತೆ ಚಿಗುರಿ ಹಸಿರಾಗಿವೆ. ಎದುರಿನ ಲಿಬಿಯನ್ ಸಮುದ್ರದ ಆಚೆ ದಂಡೆ ಆಫ್ರಿಕಾ. ಮಕ್ಕಳು ಅತ್ತ ಕಣ್ಣು ಕಿರಿದು ಮಾಡಿ ನೋಡಿದರು.

ಈ ಸುಖವೆಲ್ಲ ತನ್ನಷ್ಟಕ್ಕೆ ಉಳಿದು ಬಂದದ್ದಲ್ಲ. ಗ್ರೀಸಿನಲ್ಲಿ ಸಮುದ್ರದಂಡೆ ಕಾನೂನಿನ ಪ್ರಕಾರ ಸಾರ್ವಜನಿಕರದು. ಆದರೆ ಬಾಡಿಗೆ ಕುರ್ಚಿ, ಛತ್ರಿಗಳ ಸಾಲು ವರ್ಷದಿಂದ ವರ್ಷಕ್ಕೆ ಹಬ್ಬಿ ಊರವರಿಗೇ ಕೂರಲು ಜಾಗ ಇಲ್ಲದಂತಾಯಿತು. 2023ರ ಬೇಸಿಗೆಯಲ್ಲಿ ಪಾರೋಸ್ ದ್ವೀಪದ ಜನ ಟವೆಲ್ ಹಿಡಿದು ದಂಡೆಗಿಳಿದು ಪ್ರತಿಭಟಿಸಿದರು. ಚಳವಳಿ ಬೇರೆ ದ್ವೀಪಗಳಿಗೂ ಹಬ್ಬಿತು. 2024ರಲ್ಲಿ ಸರ್ಕಾರ ಹೊಸ ಕಾನೂನು ತಂದಿತು. ಬಾಡಿಗೆ ಕುರ್ಚಿಗಳು ನೀರಿನಂಚಿನಿಂದ ಕನಿಷ್ಠ 4 ಮೀಟರ್ ದೂರ ಇರಬೇಕು. ಅತಿಕ್ರಮಣ ಕಂಡರೆ ಮೊಬೈಲಿನಲ್ಲೇ ದೂರು ಕೊಡಬಹುದು. ದುಡ್ಡು ಕೊಡದೆ ಒಂದು ಟವೆಲ್ ಹಾಸಿ ಕೂರುವ ಹಕ್ಕಿಗಾಗಿ ಜನ ಬೀದಿಗಿಳಿದರು ಎಂಬುದು ನನಗೆ ಬಹಳ ಗೌರವದ ವಿಷಯವಾಗಿ ಕಾಣುತ್ತದೆ. ಬಿಡುವು ಶ್ರೀಮಂತರ ಸೊತ್ತಾಗಬಾರದು. ಬೆಳಗಿನ ಆ ಟೋಪಿಯ ಅಜ್ಜಿಯರು ಒಂದು ಪೈಸೆ ಕೊಡದೆ ಕಡಲಿಗಿಳಿಯುತ್ತಿದ್ದರು.

ನಮ್ಮ ಕರಾವಳಿಯ ಬಗ್ಗೆ ಯೋಚಿಸದೆ ಇದನ್ನೆಲ್ಲ ಬರೆಯಲು ನನಗೆ ಆಗದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ಕೋಲಾರದ ಕಡೆಯಿಂದ ಕಡಲು ನೋಡುವ ಆಸೆಯಿಂದ ಬಂದ ಮಕ್ಕಳವರು. ಇಂಥ ಸುದ್ದಿ ಬಂದಾಗಲೆಲ್ಲ ದಂಡೆಗೆ ಹೋಗಬೇಡಿ ಎಂಬ ಮಾತು ಜೋರಾಗುತ್ತದೆ. ಹೆದರಿಕೆ ಯಾರನ್ನೂ ಕಾಪಾಡುವುದಿಲ್ಲ. ಕಾಪಾಡುವುದು ಕಲಿಕೆ, ಜೀವರಕ್ಷಕರು, ಬಾವುಟಕ್ಕೆ ಮರ್ಯಾದೆ. ನಮ್ಮ ಕಡಲು ಕ್ರೀಟಿನ ಕಡಲಲ್ಲ. ಮಳೆಗಾಲದಲ್ಲಿ ಅದಕ್ಕೆ ಕೈಮುಗಿದು ದೂರ ನಿಲ್ಲಬೇಕು. ಆದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅದೂ ತಣ್ಣಗಿರುವ ದಿನಗಳು ಬೇಕಾದಷ್ಟಿವೆ. ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ದಂಡೆಗಳಿಗೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಜೀವರಕ್ಷಣೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಹೀಗೆ 33 ಅಂಶಗಳನ್ನು ನೋಡಿ ಕೊಡುವ ಮಾನ್ಯತೆ ಅದು. ಆ ಬಾವುಟಗಳನ್ನು ಅತಿ ಹೆಚ್ಚು ಪಡೆದ ದೇಶಗಳ ಮುಂಚೂಣಿಯಲ್ಲಿ ಗ್ರೀಸ್ ಇದೆ. ಎರಡು ದಂಡೆಗಳಲ್ಲಿ ಸಾಧ್ಯವಾದದ್ದು ನಮ್ಮ ಸುಮಾರು 300 ಕಿಲೋಮೀಟರ್ ಕರಾವಳಿಯ ಇನ್ನಷ್ಟು ಕಡೆ ಸಾಧ್ಯವಾಗಬೇಕು.

ಅದಕ್ಕಿಂತ ಹೆಚ್ಚಾಗಿ ನನಗೆ ಬೇಕಿರುವುದು ಕಡಲೂರಿನ ಪ್ರತಿ ಶಾಲೆಯಲ್ಲೂ ಈಜಿನ ಪಾಠ, ಹೆಣ್ಣುಮಕ್ಕಳಿಗೂ ಸೇರಿ. ಕೆರೆಯೋ, ಹೊಳೆಯ ಗುಂಡಿಯೋ, ಕೊಳವೋ ಯಾವುದಾದರೂ ಆಗಲಿ, ಹತ್ತು ವರ್ಷದ ಮಗು ಬೆನ್ನ ಮೇಲೆ ತೇಲಿ ಉಸಿರು ಕಾಯ್ದುಕೊಳ್ಳಲು ಕಲಿತರೆ ಸಾಕು, ಅರ್ಧ ಭಯ ಹೋಗುತ್ತದೆ. ಮಿಕ್ಕರ್ಧ ಭಯ ನೋಡುವವರ ಕಣ್ಣಿನದು. ಅದು ಹೋಗಬೇಕಾದರೆ ಒಬ್ಬಳಲ್ಲ, ಹತ್ತು ಹೆಂಗಸರು ಒಟ್ಟಿಗೆ ಇಳಿಯಬೇಕು. ದುಡಿಮೆಯನ್ನೂ ದುಃಖವನ್ನೂ ಈ ಕಡಲಿಗೆ ಒಪ್ಪಿಸಿದ ಹೆಂಗಸರಿಗೆ ಅದರ ಆಟದಲ್ಲೂ ಪಾಲು ಸಲ್ಲಬೇಕು.

ಕ್ರಿಸ್ಮಸ್ ರಜೆಗೆ ತಮ್ಮನ ಮಕ್ಕಳು ಊರಿಗೆ ಬರುತ್ತಾರೆ. ಕಾಸರಕೋಡಿನಲ್ಲಿ ಜೀವರಕ್ಷಕರು ಎಷ್ಟು ಹೊತ್ತಿನವರೆಗೆ ಇರುತ್ತಾರೆ, ಬೆಳಗಿನ ಉಬ್ಬರ ಯಾವ ದಿನ ಯಾವ ಹೊತ್ತಿಗೆ ಎಂದು ಆಯಿ ಈಗಾಗಲೇ ವಿಚಾರಿಸಿ ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಆಚೆಮನೆಯ ದೊಡ್ಡಮ್ಮನನ್ನೂ ಅವರ ಸೊಸೆಯನ್ನೂ ಒಪ್ಪಿಸಿಯಾಗಿದೆ. ಕೆಳಗಿನಕೇರಿಯ ಇಬ್ಬರು ತಾವೂ ಬರುತ್ತೇವೆ ಎಂದಿದ್ದಾರೆ. ಪೇಟೆಯಿಂದ ಅಗಲ ಅಂಚಿನ ಟೋಪಿ ತರಿಸಬೇಕಂತೆ, ಎಲ್ಲರಿಗೂ ಒಂದೊಂದು.